ಶಾಲೆಯ ಮಸೀದಿ: ವಜೂ ಕಟ್ಟೆಯಿಂದ ಚಂದಾ ಡಬ್ಬಿಯವರೆಗೆ

ಕಟ್ಟಡಕ್ಕೆ ಕೈಹಾಕುವ ಮೊದಲು ಶಾಲೆಯ ಆಡಳಿತ ಮಂಡಳಿ ಒಂದು ವಿಷಯ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು: ಇದು ಮಸೀದಿಯೋ, ನಮಾಜಿಗೆಂದು ಬಿಟ್ಟ ಕೋಣೆಯೋ? ಮಕ್ಕಳೂ ಊರವರೂ ಎರಡನ್ನೂ ಮಸೀದಿ ಎಂದೇ ಕರೆಯುತ್ತಾರೆ. ಶರೀಅತ್ತಿನ ಲೆಕ್ಕದಲ್ಲಿ ಮಾತ್ರ ಎರಡೂ ಬೇರೆ. ಮಸೀದಿಯೆಂದು ವಕ್ಫ್ ಮಾಡಿದ, ಅಂದರೆ ಧರ್ಮಕ್ಕೆಂದು ಶಾಶ್ವತವಾಗಿ ಬಿಟ್ಟುಕೊಟ್ಟ, ಜಾಗ ಎಂದೆಂದಿಗೂ ಮಸೀದಿಯೇ. ಮಾರುವಂತಿಲ್ಲ, ನಾಳೆ ಪ್ರಯೋಗಾಲಯ ಬೇಕೆಂದು ಬದಲಾಯಿಸುವಂತಿಲ್ಲ, ಮೇಲ್ಮಹಡಿಯಲ್ಲಿ ತರಗತಿ ಕಟ್ಟಲು ಹೊರಟರೆ ಹನಫಿ ಮಜ್‌ಹಬ್ಬಿನ (ಇಸ್ಲಾಮಿನ ಒಂದು ನ್ಯಾಯಪಂಥ) ಉಲಮಾಗಳು, ಅಂದರೆ ಧರ್ಮಪಂಡಿತರು, ಒಪ್ಪುವುದಿಲ್ಲ. ಮುಸಲ್ಲಾ, ಅಂದರೆ ಬರೀ ನಮಾಜಿನ ಕೋಣೆ, ಎಂದು ಇಟ್ಟುಕೊಂಡರೆ ಈ ಯಾವ ಕಟ್ಟೂ ಇಲ್ಲ. ಬಾಡಿಗೆ ಕಟ್ಟಡದಲ್ಲಿರುವ ಶಾಲೆಗೆ ಮುಸಲ್ಲಾ ಒಂದೇ ದಾರಿ. ಸ್ವಂತ ಜಾಗವಿದ್ದರೂ ಕೋಲಾರದಲ್ಲಿ ನಾವು ನಡೆಸುವ ಶಾಲೆಯಲ್ಲಿ ಮುಸಲ್ಲಾ ಎಂದೇ ಬರೆಸಿದ್ದೇವೆ. ಅದರ ಅನುಕೂಲ ಮುಂದೆ ಎರಡು ಕಡೆ ಕಾಣುತ್ತದೆ: ಒಂದೇ ಮಧ್ಯಾಹ್ನ ಎರಡು ಜಮಾತ್ (ಒಟ್ಟಾಗಿ ನಿಂತು ಮಾಡುವ ನಮಾಜ್) ಮಾಡಬಹುದು, ಮುಟ್ಟಿನ ದಿನಗಳಲ್ಲೂ ಹೆಣ್ಣುಮಕ್ಕಳು ಒಳಗೆ ಬಂದು ಪಾಠ ಕೇಳಬಹುದು. ಬರೆದಿಡದೆ ಬಿಟ್ಟರೆ ಹತ್ತು ವರ್ಷದ ನಂತರ ಹೊಸ ಮಂಡಳಿಗೂ ದಾನ ಕೊಟ್ಟವರಿಗೂ ಜಗಳ ಹತ್ತುತ್ತದೆ.

ಕಾನೂನಿನದೂ ಇದೇ ಹೊತ್ತಿಗೆ ನೋಡಿಕೊಳ್ಳಬೇಕು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಪಾಠಕ್ಕೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಮಗು ಅಪ್ರಾಪ್ತವಾದರೆ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಜೂನ್ ದಾಖಲಾತಿಯ ಅರ್ಜಿಯ ಜೊತೆಗೇ ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಹಾಳೆಯ ಒಪ್ಪಿಗೆ ಪತ್ರ ಕೊಡುತ್ತೇವೆ. ಮುಸ್ಲಿಮರ ಮಕ್ಕಳಿಗೂ ಇದು ಬೇಕು. ಹೇಗೂ ಒಪ್ಪುತ್ತಾರೆ ಬಿಡಿ ಎಂದು ಬಿಟ್ಟರೆ ತಪ್ಪು. ಬೇರೆ ಧರ್ಮದ ಮಕ್ಕಳಿಗೆ ನಮಾಜಿನ ಹೊತ್ತಿನಲ್ಲಿ ಗ್ರಂಥಾಲಯ ತೆರೆದಿರುತ್ತದೆ, ಅಲ್ಲಿ ಒಬ್ಬ ಶಿಕ್ಷಕರಿರುತ್ತಾರೆ. ಆ ಸಮಯದಲ್ಲಿ ಕಿರುಪರೀಕ್ಷೆ ಇಡಬಾರದು, ಹೊಸ ಪಾಠ ಶುರು ಮಾಡಬಾರದು. ಎರಡೂ ಕಡೆಯ ಮಕ್ಕಳಿಗೆ ತಾವು ಏನೋ ಕಳೆದುಕೊಂಡೆವು ಎನ್ನಿಸಬಾರದು.

ಇನ್ನು ಕಿಬ್ಲಾ, ಅಂದರೆ ನಮಾಜಿನಲ್ಲಿ ಮುಖ ಮಾಡುವ ದಿಕ್ಕು, ಮಕ್ಕಾದ ಕಾಬಾದ ಕಡೆ. ಕೋಲಾರದಿಂದ ಮಕ್ಕಾ ನೇರ ಪಶ್ಚಿಮಕ್ಕಿಲ್ಲ, ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ಓರೆಯಾಗಿದೆ. ಮೊಬೈಲಿನ ದಿಕ್ಸೂಚಿಯನ್ನು ಕಂಬದ ಪಕ್ಕ, ಕಬ್ಬಿಣದ ಬೀರುವಿನ ಪಕ್ಕ ಹಿಡಿದರೆ ದಿಕ್ಕು ತಪ್ಪುತ್ತದೆ. ನೆಚ್ಚಬಹುದಾದ ಉಪಾಯ ಸೂರ್ಯನದು. ವರ್ಷಕ್ಕೆ ಎರಡು ಸಲ, ಮೇ 27-28ರಂದು ನಮ್ಮ ಗಡಿಯಾರದ ಮಧ್ಯಾಹ್ನ 2:48ಕ್ಕೆ ಮತ್ತು ಜುಲೈ 15-16ರಂದು 2:57ಕ್ಕೆ, ಸೂರ್ಯ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆ ನಿಮಿಷದಲ್ಲಿ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಅದರ ನೆರಳಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅದೇ ಕಿಬ್ಲಾದ ಗೆರೆ. ಸೂರ್ಯನ ಕಡೆಗೆ ಮುಖ ಮಾಡಿದರೆ ಕಾಬಾದ ಕಡೆಗೆ. ಜುಲೈಯಲ್ಲಿ ಮೋಡ ಕಾಡುತ್ತದೆ, ಮೇ ತಿಂಗಳದ್ದು ರಜೆಯಲ್ಲಿ ಬರುತ್ತದೆ. ಹಾಸ್ಟೆಲಿನಲ್ಲಿ ಉಳಿದ ನಾಲ್ಕೈದು ಮಕ್ಕಳನ್ನು ಸೇರಿಸಿಕೊಂಡು ಮೇನಲ್ಲೇ ಮಾಡುವುದು ಒಳ್ಳೆಯದು. ಭೂಗೋಳದ ಮೇಷ್ಟ್ರು ಜೊತೆಗಿದ್ದರೆ ಆ ಹತ್ತು ನಿಮಿಷ ತರಗತಿಯ ಹತ್ತು ಪಾಠಕ್ಕೆ ಸಮ.

ಕಟ್ಟಡ ಗೋಡೆಯ ಲೆಕ್ಕದಲ್ಲಿ ನೇರ ಪೂರ್ವ-ಪಶ್ಚಿಮವಿದ್ದರೆ ಸಫ್‌ಗಳು (ನಮಾಜಿನ ಸಾಲುಗಳು) ಓರೆಯಾಗುತ್ತವೆ. ನಮ್ಮ ಹಾಲ್ ಪೂರ್ವ-ಪಶ್ಚಿಮ 20 ಅಡಿ, ದಕ್ಷಿಣೋತ್ತರ 40 ಅಡಿ. ಸಾಲಿಗೆ 4 ಅಡಿ ಆಳ, ಮಗುವಿಗೆ 20 ಅಂಗುಲ ಅಗಲ ಇಟ್ಟರೆ ಕಾಗದದ ಮೇಲೆ ಐದು ಸಾಲು, 120 ಮಕ್ಕಳು. ಗೆರೆ ಓರೆಯಾದಾಗ 40 ಅಡಿಯ ಸಾಲು ಒಂದು ತುದಿಯಿಂದ ಇನ್ನೊಂದಕ್ಕೆ 13 ಅಡಿ ಸರಿಯುತ್ತದೆ. ವಾಯವ್ಯ ಮತ್ತು ಆಗ್ನೇಯ ಮೂಲೆಗಳು ತ್ರಿಕೋನವಾಗಿ ಖಾಲಿ ಬೀಳುತ್ತವೆ. ಇಮಾಮರ ಜಾಗವನ್ನೂ ಕಳೆದರೆ ನಿಲ್ಲುವುದು 80 ಮಂದಿ. ಗುತ್ತಿಗೆದಾರರು ಇದನ್ನು ಹೇಳುವುದಿಲ್ಲ, ನಾವೇ ನೆಲದ ಮೇಲೆ ಗೆರೆ ಹಾಕಿ ನೋಡಬೇಕು. ಖಾಲಿ ಬಿದ್ದ ವಾಯವ್ಯ ಮೂಲೆಗೆ ಕುರ್‌ಆನ್ ಬೀರು, ಆಗ್ನೇಯ ಮೂಲೆಗೆ ತಡವಾಗಿ ಬಂದವರ ಜಾಗ ಎಂದು ಹಂಚಿದ್ದೇವೆ. ಗೆರೆಯನ್ನು ನೆಲಕ್ಕೆ ಬಳಿಯುವ ಪೇಂಟಿನಲ್ಲೇ ಎಳೆಯಬೇಕು. ಟೇಪ್ ಅಂಟಿಸಿದರೆ ಒಂದೇ ತಿಂಗಳಲ್ಲಿ ಮಕ್ಕಳು ಕಿತ್ತುಹಾಕುತ್ತಾರೆ.

ಇಲ್ಲಿ ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಬೇಕು. ದೂರದ ಊರಿನವರಿಗೆ ದಿಕ್ಕು ಹೆಚ್ಚುಕಡಿಮೆ ಸರಿಯಿದ್ದರೆ ಸಾಕು, 45 ಡಿಗ್ರಿಯೊಳಗಿನ ವ್ಯತ್ಯಾಸಕ್ಕೆ ನಮಾಜ್ ಕೆಡುವುದಿಲ್ಲ ಎಂದು ಹನಫಿ ಗ್ರಂಥಗಳಲ್ಲಿದೆ. 18 ಡಿಗ್ರಿ ಕಲಿತ ಹುಡುಗ ತನ್ನ ಮೊಹಲ್ಲಾದ ಮಸೀದಿಗೆ ಹೋಗಿ "ನಿಮ್ಮ ಕಿಬ್ಲಾ ತಪ್ಪು" ಎಂದು ಹಿರಿಯರ ಎದುರು ನಿಂತರೆ, ಅವನು ಕಲಿತದ್ದು ಗಣಿತ ಮಾತ್ರ, ಅದಬ್ (ನಡತೆಯ ಮರ್ಯಾದೆ) ಕಲಿತಿಲ್ಲ.

ನೀರು ನಮ್ಮ ಜಿಲ್ಲೆಯಲ್ಲಿ ಬೇರೆಲ್ಲಕ್ಕಿಂತ ದೊಡ್ಡ ವಿಷಯ. ಸಾವಿರ ಅಡಿ ಮೀರಿದ ಕೊಳವೆಬಾವಿಗಳ ಊರು ಇದು. ನಲ್ಲಿ ಪೂರ್ತಿ ತಿರುಗಿಸಿಟ್ಟು ವಜೂ (ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯುವುದು) ಮಾಡುವ ಮಗು 6 ಲೀಟರ್ ಸುರಿಯುತ್ತದೆ. ಬಕೆಟ್ ಇಟ್ಟು ಅಳೆದರೆ ಗೊತ್ತಾಗುತ್ತದೆ. ನಮಾಜಿಗೆ ನಿಲ್ಲುವ ನಮ್ಮ 160 ಮಕ್ಕಳಿಗೆ 960 ಲೀಟರ್, ಅಂದರೆ ಒಂದು ಹೊತ್ತಿನ ನಮಾಜಿಗೆ ಸಾವಿರ ಲೀಟರಿನ ಟ್ಯಾಂಕೇ ಖಾಲಿ. ಪ್ರವಾದಿಯವರು, ಸಲ್ಲಲ್ಲಾಹು ಅಲೈಹಿ ವಸಲ್ಲಂ, ಒಂದು ಮುದ್ದ್ ನೀರಿನಲ್ಲಿ ವಜೂ ಮಾಡುತ್ತಿದ್ದರು ಎಂದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಸಂಗ್ರಹಗಳಲ್ಲಿ ಇದೆ. ಮುದ್ದ್ ಎಂದರೆ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನ ಒಳಗೆ. ಈ ಹದೀಸನ್ನು ಗೋಡೆಯ ಮೇಲೆ ಬರೆದರೆ ಯಾರೂ ಓದುವುದಿಲ್ಲ. ವರ್ಷದ ಮೊದಲ ವಾರ ಪ್ರತಿ ತರಗತಿಗೂ ಒಂದು ಲೀಟರ್ ಹಿಡಿಸುವ ಚೊಂಬು ಕೊಟ್ಟು ಅದರಲ್ಲೇ ವಜೂ ಮುಗಿಸಿ ತೋರಿಸಲು ಹೇಳುತ್ತೇವೆ. ಆರನೇ ತರಗತಿಯವರೂ ಮುಗಿಸುತ್ತಾರೆ. ಆಮೇಲೆ ನಲ್ಲಿಗೆ ಬಂದಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಜೊತೆಗೆ ಸಾಲಿನ ಮುಖ್ಯ ವಾಲ್ವನ್ನು ಅರ್ಧಕ್ಕೆ ಕಟ್ಟಿಡಬೇಕು. ಇವೆರಡರಿಂದ ಮಗುವಿಗೆ 2 ಲೀಟರಿನ ಆಸುಪಾಸಿಗೆ ಇಳಿಯುತ್ತದೆ, ಒಟ್ಟು 320 ಲೀಟರ್. ಒತ್ತಿದರೆ ಮಾತ್ರ ಬರುವ ನಲ್ಲಿ ಹಾಕಿ ನೋಡಿದ್ದೂ ಆಯಿತು. ಇಲ್ಲಿನ ಗಡಸು ನೀರಿನ ಬಿಳಿ ಪೊರೆ ಸ್ಪ್ರಿಂಗಿಗೆ ಕಟ್ಟಿ, ಆರು ತಿಂಗಳಲ್ಲಿ ಒತ್ತಿದ ನಲ್ಲಿ ಮೇಲೇಳದೆ ಸೋರುತ್ತಲೇ ಇರುತ್ತದೆ. ಸಾಮಾನ್ಯ ತಿರುಪು ನಲ್ಲಿಯೇ ವಾಸಿ. ವಾಷರ್ ಮೂರು ರೂಪಾಯಿಯದೋ ಐದು ರೂಪಾಯಿಯದೋ, ಹತ್ತನೇ ತರಗತಿಯ ಹುಡುಗರೇ ಬದಲಾಯಿಸುತ್ತಾರೆ.

ವಜೂ ಕಟ್ಟೆಯಿಂದ ಇಳಿದ ನೀರಿಗೆ ಸೋಪು ಸೇರಿರುವುದಿಲ್ಲ. ಆ ನೀರಿನಲ್ಲಿ ಮತ್ತೆ ವಜೂ ಆಗದು, ಗಿಡಕ್ಕೆ ಏನೂ ಅಡ್ಡಿಯಿಲ್ಲ. ಜಲ್ಲಿ-ಮರಳಿನ ಗುಂಡಿ ದಾಟಿಸಿ ನುಗ್ಗೆ, ಕರಿಬೇವು, ಬಾಳೆಗೆ ಬಿಡಬೇಕು. ಕೈಕಾಲು ತೊಳೆಯಲು ಸೋಪು ಬೇಕಾದವರಿಗೆ ಬೇರೆ ಕಡೆ ಬೇಸಿನ್ ಇರಲಿ.

ವಜೂವಿನಲ್ಲಿ ಮಕ್ಕಳು ತಪ್ಪುವುದು ಕೆಲವೇ ಕಡೆ, ಆದರೆ ಆ ಕೆಲವು ಕಡೆ ಎಲ್ಲರೂ ತಪ್ಪುತ್ತಾರೆ. ತುಂಬು ತೋಳಿನ ಯೂನಿಫಾರ್ಮಿನ ಗುಂಡಿ ಬಿಚ್ಚದೆ ಮೇಲಕ್ಕೆಳೆದರೆ ಮೊಣಕೈ ಒಣಗಿಯೇ ಉಳಿಯುತ್ತದೆ. ಹಿಮ್ಮಡಿ ಒಣಗಿರುತ್ತದೆ, ಒಣ ಹಿಮ್ಮಡಿಗಳ ಬಗ್ಗೆ ಎಚ್ಚರಿಕೆಯ ಹದೀಸೇ ಇದೆ. ಉಗುರಿನ ಮೇಲಿನ ವೈಟ್ನರ್, ಕೈಗೆ ಅಂಟಿ ಒಣಗಿದ ಫೆವಿಕಾಲ್, ನೇಲ್ ಪಾಲಿಶ್ ನೀರು ಚರ್ಮಕ್ಕೆ ಮುಟ್ಟದಂತೆ ತಡೆಯುತ್ತವೆ, ಕೆರೆದು ತೆಗೆಯಲೇಬೇಕು. ಮೆಹಂದಿಯ ಬಣ್ಣಕ್ಕೆ ಚಿಂತೆಯಿಲ್ಲ. ಹತ್ತಿಯ ಕಾಲುಚೀಲದ ಮೇಲೆ ಒದ್ದೆ ಕೈ ಸವರಿದರೆ ಹನಫಿಗಳಿಗೆ ಸಾಲದು, ಕಳಚಬೇಕು. ಒದ್ದೆ ಕಾಲನ್ನು ಹಾಗೇ ಕಾಲುಚೀಲಕ್ಕೆ ತುರುಕಿದರೆ ಬೆರಳ ಸಂದಿಗೆ ಹುಣ್ಣು, ಜಮಖಾನಕ್ಕೆ ನಾತ. ಅದಕ್ಕೇ ವಜೂ ಕಟ್ಟೆಗೂ ಹಾಲಿಗೂ ನಡುವೆ 8 ಅಡಿ ನಾರಿನ ಚಾಪೆ ಹಾಸಿ, ಗೋಡೆಗೆ ಟವೆಲ್‌ಗಳ ಗೂಟ ಹೊಡೆದಿದ್ದೇವೆ. ನಾತ ಬರುತ್ತಿದೆ ಎಂದರೆ ಅತ್ತರ್ ಚಿಮುಕಿಸಬೇಡಿ, ಚಾಪೆ ಬದಲಾಯಿಸಿ. ಜಮಖಾನ ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಬೀಳಬೇಕು.

ಹೊತ್ತಿನ ಲೆಕ್ಕ ಹೀಗೆ. ಕೋಲಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ನವೆಂಬರ್ ಮೊದಲಲ್ಲಿ 12:01ರ ಸುಮಾರಿಗೆ, ಫೆಬ್ರವರಿ ನಡುವೆ 12:32ರ ಸುಮಾರಿಗೆ. ಒಂದು ಗಂಟೆಯ ಊಟದ ಬೆಲ್ಲಿಗೆ ವರ್ಷವಿಡೀ ಜೊಹರ್ (ಮಧ್ಯಾಹ್ನದ ನಮಾಜ್) ಹೊತ್ತು ಆಗಿಯೇ ಇರುತ್ತದೆ. ಊಟ ಎದುರಿಗಿಟ್ಟು ನಮಾಜಿಗೆ ನಿಲ್ಲಬಾರದೆಂದು ಹದೀಸ್ ಇರುವುದರಿಂದ ಮಕ್ಕಳನ್ನು ಎರಡು ಭಾಗ ಮಾಡಿದ್ದೇವೆ. ಹತ್ತು ನಲ್ಲಿ, ಒಬ್ಬರಿಗೆ ಒಂದೂವರೆ ನಿಮಿಷ, 80 ಮಕ್ಕಳಿಗೆ 12 ನಿಮಿಷ. ದೊಡ್ಡ ತರಗತಿಯವರು 1 ಗಂಟೆಗೆ ವಜೂ, 1:15ಕ್ಕೆ ಜಮಾತ್, ಆಮೇಲೆ ಊಟ. ಚಿಕ್ಕವರು ಮೊದಲು ಊಟ, 1:22ಕ್ಕೆ ವಜೂ, 1:38ಕ್ಕೆ ಜಮಾತ್. 1:55ಕ್ಕೆ ಎಲ್ಲರೂ ತರಗತಿಯಲ್ಲಿ. ಚಿಕ್ಕವರನ್ನು ಮೊದಲು ನಿಲ್ಲಿಸಿದರೆ ಹಸಿವಿನಿಂದ ನಮಾಜಿನೊಳಗೇ ತಿರುಗಿ ತಿರುಗಿ ನೋಡುತ್ತಾರೆ.

ಅಸರ್, ಅಂದರೆ ಸಂಜೆ ಹೊತ್ತಿನ ನಮಾಜ್, ಸೇರಿಸಬೇಕೆಂದು ಪೋಷಕರು ಕೇಳುತ್ತಾರೆ. ದಿನವೂ ಮನೆಗೆ ಹೋಗುವ ಮಕ್ಕಳಿಗೆ ಸೇರಿಸಬೇಡಿ. ಹನಫಿ ಲೆಕ್ಕದ ಅಸರ್ ಇಲ್ಲಿ ನವೆಂಬರಿನಲ್ಲಿ 4:13ರ ಹೊತ್ತಿಗೆ ಶುರುವಾದರೂ ಜೂನ್-ಜುಲೈಯಲ್ಲಿ 4:50 ದಾಟುತ್ತದೆ. ಶ್ರೀನಿವಾಸಪುರ, ಬಂಗಾರಪೇಟೆ ಕಡೆಯ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ. ಬಸ್ಸಿಗೆ ಹೆದರಿ ಹೊತ್ತಿಗೆ ಮೊದಲೇ ನಮಾಜ್ ಮುಗಿಸುವ ಚಾಳಿ ಬೆಳೆಯುತ್ತದೆ. ಹಾಸ್ಟೆಲಿನವರಿಗೆ ಐದೂ ಹೊತ್ತು ಉಂಟು. ಫಜರ್ (ನಸುಕಿನ ನಮಾಜ್) ಜಮಾತನ್ನು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿಗೆ ಇಟ್ಟು ಹದಿನೈದು ದಿನಕ್ಕೊಮ್ಮೆ ಹೊತ್ತು ತಿದ್ದಿದರೆ ಮಕ್ಕಳ ನಿದ್ದೆಯೂ ಉಳಿಯುತ್ತದೆ. ಜುಮಾಕ್ಕೆ (ಶುಕ್ರವಾರದ ನಮಾಜಿಗೆ) ಮೊಹಲ್ಲಾ ಮಸೀದಿಗೇ ಕರೆದೊಯ್ಯುತ್ತೇವೆ. ಗೇಟು ಹಾಕಿದ ಆವರಣದಲ್ಲಿ ಹೊರಗಿನವರಿಗೆ ಮುಕ್ತ ಪ್ರವೇಶ ಇರುವುದಿಲ್ಲ, ಜುಮಾಕ್ಕೆ ಅದು ಬೇಕೆಂದು ಹನಫಿ ಫಿಖ್ಹ್ (ಧರ್ಮಶಾಸ್ತ್ರ) ಹೇಳುತ್ತದೆ. ಅಲ್ಲದೆ ತಿಂಗಳಿಗೆ ನಾಲ್ಕು ಸಲ ಊರವರ ನಡುವೆ ಭುಜಕ್ಕೆ ಭುಜ ನಿಲ್ಲುವುದು ಮಕ್ಕಳಿಗೆ ಬೇಕು.

ಅಜಾನಿಗೆ (ನಮಾಜಿನ ಕರೆಗೆ) ಹೊರಗೆ ಹಾರ್ನ್ ಹಾಕಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಶಾಲೆಯ ಸುತ್ತಲಿನ ನೂರು ಮೀಟರ್ ನಿಶ್ಶಬ್ದ ವಲಯವಾಗಬಹುದು, ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ವರಾಂಡದಲ್ಲಿ ನಿಂತು ಬಾಯಲ್ಲೇ ಕೂಗಿದರೆ ಶಾಲೆಗೆ ಸಾಕು. ತಿಳಿವಳಿಕೆ ಬಂದ ಹುಡುಗನ ಅಜಾನ್ ಸಿಂಧು, ಹಾಗಾಗಿ ಏಳು-ಎಂಟನೇ ತರಗತಿಯವರಿಗೇ ಸರದಿ. ಇಮಾಮತ್ತಿಗೆ, ಅಂದರೆ ಮುಂದೆ ನಿಂತು ನಮಾಜ್ ನಡೆಸಲು, ಮಾತ್ರ ಪ್ರಾಯಕ್ಕೆ ಬಂದವರೇ ಬೇಕು. ಚೆನ್ನಾಗಿ ಓದುತ್ತಾನೆಂದು ಕುರ್‌ಆನ್ ಪೂರ್ತಿ ಬಾಯಿಪಾಠವಿರುವ ಹನ್ನೊಂದು ವರ್ಷದ ಹಾಫಿಜ್ ಹುಡುಗನನ್ನು ಮುಂದೆ ನಿಲ್ಲಿಸಿದರೆ ಹನಫಿ ಮಜ್‌ಹಬ್ಬಿನಲ್ಲಿ ಹಿಂದಿನ ದೊಡ್ಡವರ ಫರ್ಜ್ (ಕಡ್ಡಾಯ ನಮಾಜ್) ಆಗುವುದಿಲ್ಲ.

ಕಲಿಸುವ ಭಾಷೆಯ ತೊಡಕೂ ಇದೆ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ. ಬಹಳ ಮಕ್ಕಳಿಗೆ ಉರ್ದು ಲಿಪಿ ಬಾರದು. ದರ್ಸ್ (ಧರ್ಮದ ಪಾಠ) ಕನ್ನಡದಲ್ಲೇ ಕೊಡಿ, ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯಿರಿ. ಕುರ್‌ಆನಿನ ಆಯತುಗಳನ್ನು (ವಾಕ್ಯಗಳನ್ನು) ಮಾತ್ರ ಕನ್ನಡ ಲಿಪಿಯಲ್ಲಿ ಬರೆದು ಬಾಯಿಪಾಠ ಮಾಡಿಸಬೇಡಿ. ಅರಬಿಯಲ್ಲಿ ಗಂಟಲ ಆಳದಿಂದ ಬರುವ ಖಾಫ್‌ಗೂ ಸಾದಾ ಕಾಫ್‌ಗೂ ಕನ್ನಡದಲ್ಲಿ ಇರುವುದು ಒಂದೇ 'ಕ'. ಹೃದಯ ಎನ್ನುವ ಅರಬಿ ಪದವೂ ನಾಯಿ ಎನ್ನುವ ಪದವೂ ಕನ್ನಡದಲ್ಲಿ 'ಕಲ್ಬ್' ಎಂದೇ ಬೀಳುತ್ತವೆ. ನಿಧಾನವಾದರೂ ಖಾಯಿದಾ (ಅರಬಿ ಅಕ್ಷರ ಕಲಿಸುವ ಪುಸ್ತಕ) ಹಿಡಿಸಿ, ಅಕ್ಷರದಿಂದಲೇ ಬರಲಿ.

ಈಗ ಹಾಜರಿ. ಹೊಸದಾಗಿ ಮಸೀದಿ ನಡೆಸುವವರೆಲ್ಲ ಮೊದಲು ತರುವುದು ಹಾಜರಿ ಪುಸ್ತಕ, ಅದರ ಹಿಂದೆಯೇ ಬೆತ್ತ ಬರುತ್ತದೆ. ಬಾರದವರ ಹೆಸರನ್ನು ಪ್ರಾರ್ಥನಾ ಸಭೆಯಲ್ಲಿ ಓದಿದ ಮರುದಿನದಿಂದಲೇ ಸಫ್ ತುಂಬಿರುತ್ತದೆ, ಹೆಡ್‌ಮಾಸ್ಟರಿಗೆ ಸಂತೋಷವಾಗುತ್ತದೆ. ವಜೂ ಕಟ್ಟೆಯ ನೀರಿನ ಮೀಟರ್ ನೋಡಿ. 80 ಮಂದಿ ನಿಂತ ದಿನ 160 ಲೀಟರಾದರೂ ಓಡಿರಬೇಕು. 60 ಓಡಿದ್ದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಜೂ ಇಲ್ಲದೆ ನಿಂತಿದ್ದಾರೆ ಎಂದರ್ಥ. ಅಲ್ಲಾಹನ ಎದುರು ನಿಂತು ಮೇಷ್ಟ್ರಿಗೆ ನಮಾಜ್ ಮಾಡುವುದನ್ನು ಆ ಮಕ್ಕಳಿಗೆ ಕಲಿಸಿದವರು ನಾವೇ. ನಮಾಜ್ ಬಿಟ್ಟದ್ದಕ್ಕಿಂತ ಇದು ದೊಡ್ಡ ಕೇಡು, ಏಕೆಂದರೆ ಬಿಟ್ಟವನಿಗೆ ಬಿಟ್ಟೆನೆಂಬ ಅರಿವಾದರೂ ಇರುತ್ತದೆ. ಏಳನೇ ವಯಸ್ಸಿಗೆ ನಮಾಜ್ ಹೇಳಿಕೊಡಿ, ಹತ್ತಕ್ಕೆ ಶಿಸ್ತು ಎಂಬ ಹದೀಸನ್ನು ಉಲ್ಲೇಖಿಸುವವರು ನಡುವಿನ ಮೂರು ವರ್ಷವನ್ನು ಎಣಿಸಬೇಕು: ದಿನಕ್ಕೆ ಐದರಂತೆ ಐದು ಸಾವಿರಕ್ಕೂ ಹೆಚ್ಚು ಸಲ ಮೃದುವಾಗಿ ಕರೆಯಬೇಕು ಎಂದಾಯಿತು. ಅಷ್ಟು ಕರೆದವರು ಯಾರು?

ಪುಸ್ತಕ ತೆಗೆದುಹಾಕಿ ಕೆಲಸ ಹಂಚುವುದು ನಮಗೆ ಕಂಡ ದಾರಿ. ಪ್ರತಿ ಕೆಲಸಕ್ಕೂ ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು, ಒಂದು ವಾರ. ಮೀಟರ್ ಓದಿ ಬರೆಯುವ ಜೋಡಿ, ಚಪ್ಪಲಿ ಸ್ಟ್ಯಾಂಡಿನ ಜೋಡಿ, ಅಜಾನಿನದು, ಕುರ್‌ಆನ್ ಬೀರುವಿನದು, ಸಿಕ್ಕಿದ ವಸ್ತುಗಳ ಕಪಾಟಿನದು. ಗುಡಿಸುವ ಸರದಿ ಸೋಮವಾರ ಶಿಕ್ಷಕರಿಂದ ಶುರು. ಮಸೀದಿ ಗುಡಿಸುವುದನ್ನು ಯಾವತ್ತೂ ಶಿಕ್ಷೆಯಾಗಿ ಕೊಡಬೇಡಿ. ಮಸೀದಿ ಗುಡಿಸುತ್ತಿದ್ದವರು ತೀರಿಕೊಂಡಾಗ ಪ್ರವಾದಿಯವರು ಅವರ ಸಮಾಧಿ ಎಲ್ಲಿದೆಯೆಂದು ಕೇಳಿ ಹೋಗಿ ನಮಾಜ್ ಮಾಡಿದರು. ಅಂಥ ಕೆಲಸವನ್ನು ಹೋಂವರ್ಕ್ ಮಾಡದವನ ತಲೆಗೆ ಕಟ್ಟಿದರೆ ಅದರ ಗೌರವವೇ ಹೋಗುತ್ತದೆ. ಹೆಡ್‌ಮಾಸ್ಟರ್ ಮೊದಲ ಸಾಲಿನಲ್ಲಿ ಜಾಗ ಹಿಡಿಸಿಕೊಳ್ಳದೆ, ಮಕ್ಕಳ ಸಾಲಿನಲ್ಲಿ ಎಲ್ಲಿ ಸಂದು ಬಿದ್ದಿದೆಯೋ ಅಲ್ಲಿ ನಿಲ್ಲಲಿ. ಶಿಕ್ಷಕರು ಬಾಗಿಲಲ್ಲಿ ಮೊಬೈಲ್ ಹಿಡಿದು ಕಾವಲು ಕಾಯ್ದರೆ ಉಳಿದದ್ದೆಲ್ಲ ನೀರಲ್ಲಿ ಹೋಮ. ಗುಸುಗುಸು ನಗುವ ಆರನೇ ತರಗತಿಯವರನ್ನು ಒಟ್ಟಿಗೆ ಬಿಡದೆ ಅವರಿಗಿಂತ ದೊಡ್ಡವರ ನಡುವೆ ಒಬ್ಬೊಬ್ಬರಾಗಿ ನಿಲ್ಲಿಸಿದರೆ ಗದರುವ ಕೆಲಸವೇ ಬೀಳುವುದಿಲ್ಲ.

ಹೆಣ್ಣುಮಕ್ಕಳ ಭಾಗಕ್ಕೆ ಬೇರೆ ಬಾಗಿಲು, ಬೇರೆ ವಜೂ ಕಟ್ಟೆ, ಒಬ್ಬ ಶಿಕ್ಷಕಿ. ಯಾಕೆ ನಮಾಜಿಗೆ ನಿಲ್ಲಲಿಲ್ಲ ಎಂದು ಯಾರನ್ನೂ ಕೇಳುವಂತಿಲ್ಲ, ಸಹಪಾಠಿಗಳೂ ಕೇಳುವಂತಿಲ್ಲ. ನಿಲ್ಲದವರು ಹಿಂದಿನ ಬೆಂಚಿನಲ್ಲಿ ಕೂತು ದರ್ಸ್ ಕೇಳುತ್ತಾರೆ.

ದರ್ಸ್ ಐದೇ ನಿಮಿಷ, ವಾರಕ್ಕೆ ಒಂದೇ ವಿಷಯ, ಕೊನೆಗೆ ಕೈಯಿಂದ ಮಾಡುವ ಒಂದು ಕೆಲಸ. ದಾರಿಯ ಮೇಲಿನ ಅಡ್ಡಿ ತೆಗೆಯುವುದೂ ಸದಖಾ (ದಾನ) ಎಂಬ ಹದೀಸಿನ ವಾರ, ಗೇಟಿನಿಂದ ಬಸ್ ನಿಲ್ದಾಣದವರೆಗಿನ ಕಲ್ಲು, ಜಾಲಿ ಮುಳ್ಳು, ಗಾಜಿನ ಚೂರು ಆರಿಸಬೇಕು. ಸೂರಾ ಹುಜುರಾತಿನ 11ನೇ ಆಯತ್ ಅಡ್ಡಹೆಸರಿಟ್ಟು ಕರೆಯುವುದನ್ನು ತಡೆಯುತ್ತದೆ. ಆ ವಾರ ಎಲ್ಲರನ್ನೂ ಅಪ್ಪ-ಅಮ್ಮ ಇಟ್ಟ ಹೆಸರಲ್ಲೇ ಕರೆಯಬೇಕು, ಗೆಳೆಯ ಮುಸ್ಲಿಮನಾಗಲಿ ಅಲ್ಲದಿರಲಿ. ಈ ಎರಡನೆಯದು ತುಂಬ ಕಷ್ಟ. ಮೂರು ವಾರ ಮುಂದುವರಿಸಿದರೂ ತಪ್ಪಿಲ್ಲ.

ಚಂದಾ ಡಬ್ಬಿ ಎರಡಿರಬೇಕು, ಝಕಾತಿಗೊಂದು, ಖರ್ಚಿಗೊಂದು, ಬಣ್ಣ ಬೇರೆ ಇರಬೇಕು. ಝಕಾತ್ (ಉಳ್ಳವರ ಮೇಲಿನ ಕಡ್ಡಾಯ ದಾನ) ಹಣವನ್ನು ಬಡವರ ಕೈಗೆ ಒಡೆತನವಾಗಿ ಕೊಟ್ಟರೆ ಮಾತ್ರ ಸಂದಾಯ. ಅದರಲ್ಲಿ ಫ್ಯಾನು, ಜಮಖಾನ ತರುವಂತಿಲ್ಲ, ಹಜ್ರತ್‌ರ (ಧರ್ಮದ ಮೇಷ್ಟ್ರ) ಸಂಬಳ ಕೊಡುವಂತಿಲ್ಲ. ಒಂದೇ ಡಬ್ಬಿ ಇಟ್ಟರೆ ರಂಜಾನಿನಲ್ಲಿ ಎರಡೂ ಬೆರೆತು ಬೇರ್ಪಡಿಸಲು ಆಗದಂತಾಗುತ್ತದೆ. ಗುರುವಾರ ಒಬ್ಬ ಶಿಕ್ಷಕ, ಒಬ್ಬ ಪೋಷಕ, ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ ಸೇರಿ ಎಣಿಸಿ, ಮೊತ್ತವನ್ನು ಬಾಗಿಲ ಬಳಿಯ ಬೋರ್ಡಿನಲ್ಲಿ ಬರೆಯುತ್ತಾರೆ. ಯಾವ ತರಗತಿ ಎಷ್ಟು ಹಾಕಿತು ಎಂದು ಸಾರಬೇಡಿ. ಸಾರಿದರೆ ರೇಷ್ಮೆ ನೂಲು ತೆಗೆಯುವ ಮನೆಯ ಮಗು ಅಮ್ಮನನ್ನು ದುಡ್ಡಿಗೆ ಪೀಡಿಸುತ್ತದೆ.

ರಂಜಾನ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚಿನಲ್ಲಿ ಬಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲೇ ಬಿತ್ತು. ಅಂಥ ವರ್ಷ ಹಾಸ್ಟೆಲಿನ ತರಾವೀಹ್ (ರಂಜಾನಿನ ರಾತ್ರಿ ನಮಾಜ್) ಬೇಗ ಮುಗಿಸಿ, ರಾತ್ರಿ ಓದನ್ನು ಸಹರಿಯ (ನಸುಕಿಗೆ ಮೊದಲಿನ ಊಟದ) ನಂತರಕ್ಕೆ ತಳ್ಳಬೇಕು. ಸಹರಿಗೆ ರಾಗಿ ಮುದ್ದೆ ಇಟ್ಟರೆ ಮಧ್ಯಾಹ್ನದವರೆಗೆ ತಡೆಯುತ್ತದೆ.

ಮಗುವಿನ ಸುರಕ್ಷತೆಗೆ ಎರಡು ನಿಯಮ, ಯಾರಿಗೂ ವಿನಾಯಿತಿಯಿಲ್ಲ. ಯಾವ ದೊಡ್ಡವರೂ ಒಳಗೆ ಒಂದು ಮಗುವಿನೊಂದಿಗೆ ಒಂಟಿಯಾಗಿ ಇರುವಂತಿಲ್ಲ. ಪಾಠ ಒಪ್ಪಿಸುವುದೂ ತೆರೆದ ಬಾಗಿಲಿನ ಎದುರು. 1098 ಮಕ್ಕಳ ಸಹಾಯವಾಣಿ ಸಂಖ್ಯೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕು.

ಕುರ್‌ಆನ್ ಬೀರುವಿಗೆ ಒಣಗಿದ ಬೇವಿನ ಸೊಪ್ಪು ಹಾಕಿ ಮಳೆಗಾಲಕ್ಕೊಮ್ಮೆ ಬದಲಾಯಿಸಬೇಕು, ಇಲ್ಲದಿದ್ದರೆ ಪುಸ್ತಕದ ಹುಳು ಬೆನ್ನು ತಿನ್ನುತ್ತದೆ. ಹರಿದ ಹಾಳೆಗಳನ್ನು ರದ್ದಿಗೆ ಹಾಕದೆ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಆಳವಾಗಿ ಹೂಳುತ್ತೇವೆ.

ಪರೀಕ್ಷೆ ಶುರುವಾಗುವುದಕ್ಕೆ ಮೊದಲಿನ ಶನಿವಾರ ಹತ್ತನೇ ತರಗತಿಯವರು ಒಂಬತ್ತನೆಯವರಿಗೆ ಕೀ ಒಪ್ಪಿಸುತ್ತಾರೆ. ಇಬ್ಬರೂ ಕೂತು ಕುರ್‌ಆನ್ ಪ್ರತಿ ಎಷ್ಟು, ಜಮಖಾನ ಎಷ್ಟು, ಟವೆಲ್ ಎಷ್ಟು, ಯಾವ ನಲ್ಲಿ ಸೋರುತ್ತಿದೆ, ಎರಡೂ ಡಬ್ಬಿಯ ಬಾಕಿ ಎಷ್ಟು ಎಂದು ಎಣಿಸಿ ಬರೆಯುತ್ತಾರೆ. ಕೊನೆಯ ಸಾಲಿಗೆ ಆ ದಿನದ ಮೀಟರ್ ಸಂಖ್ಯೆ, ಅದರ ಕೆಳಗೆ ಇಬ್ಬರ ಸಹಿ.